ಎರೆ ಮೈದಾನದಾಗ ಮ್ಯಾಟ್ ಪಿಚ್: ಒಂದು ಎಂಡ್‌ನಾಗ ಬಾಲ್ ಎದಿಗೆ ಏಳ್ತೈತಿ, ಇನ್ನೊಂದರಾಗ ಪಾದಕ್ಕ ಕೂರ್ತೈತಿ

‘ಕಾಲುವೆ ಎಂಡ್’ ಅನ್ನೋ ಹೆಸರಿನವರು ಕೇಳಿದ್ದು:

ಎಲ್ಲಾರ್ಗೂ ನಮಸ್ಕಾರ್ರೀ. ಸಿಂಧನೂರು ಹತ್ರದ ಹಳ್ಳಿ ಕ್ಲಬ್ ನಮ್ದು. ಸಂಕ್ರಾಂತಿಗೆ ಎಂಟು ಟೀಮಿನ ಲೆದರ್ ಬಾಲ್ ಟೂರ್ನಿ ಇಟ್ಕೊಂಡೀವಿ. ಈ ಸಲ ಹುಡುಗ್ಯಾರ ಬ್ಯಾಚೂ ಶುರು ಆಗೈತಿ, ದಿನಾ ಸಂಜಿಕ ನೆಟ್ ನಡೀತೈತಿ. ತೊಂದ್ರೆ ಇರೋದು ಪಿಚ್‌ನಾಗ.

ಮೈದಾನ ಪೂರ್ತಿ ಎರೆ, ಅಂದ್ರ ಕರಿ ಮಣ್ಣು. ಮ್ಯಾಲ ನಾಕು ಇಂಚು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿ, ನಾರಿನ ಮ್ಯಾಟ್ ಹಾಸಿ ಆಡ್ತೀವಿ. ಪಿಚ್ ಉತ್ತರ-ದಕ್ಷಿಣ ಐತಿ. ಉತ್ತರದ ಕಡೆ ಹತ್ತು ಮಾರು ದೂರದಾಗ ಭತ್ತದ ಗದ್ದಿ, ದಕ್ಷಿಣದ ಕಡೆ ಸಾಲಾಗಿ ಬಳ್ಳಾರಿ ಜಾಲಿ. ಬ್ಯಾಸಿಗ್ಯಾಗ ಎರಡೂ ಎಂಡ್ ಹೆಂಗೋ ನಡೀತಾವ. ತುಂಗಭದ್ರಾ ಎಡದಂಡೆ ಕಾಲುವಿಗೆ ನೀರು ಬಿಟ್ಟು ತಿಂಗಳು ಆಗೋದ್ರಾಗ ಗದ್ದಿ ಕಡೆ ಎಂಡ್ ಉಬ್ಬತೈತಿ, ಗುಡ್ ಲೆಂತ್ ಬಾಲ್ ಎದಿಗೆ ಬರ್ತೈತಿ. ಜಾಲಿ ಕಡೆ ಅದೇ ಲೆಂತಿನ ಬಾಲ್ ಪಾದಕ್ಕ ಕೂರ್ತೈತಿ. ಮ್ಯಾಟ್ ಎತ್ತಿ ನೋಡಿದ್ರ ಬೆರಳು ಹೋಗೋವಷ್ಟು ಬಿರುಕು.

ಅಗದು ಹೊಸದಾಗಿ ಮಾಡೋಣ ಅಂತ ಕೆಲವರು, ಸಿಮೆಂಟ್ ಹಾಕಿಸಿ ಬಿಡ್ರಿ ಅಂತ ಕೆಲವರು, ಹುಲ್ಲಿನ ಪಿಚ್ಚೇ ಮಾಡೋಣ ಅಂತ ಇನ್ನ ಕೆಲವರು. ಸಂಕ್ರಾಂತಿಗೆ ಇನ್ನ ಎರಡೂವರಿ ತಿಂಗಳು ಐತಿ. ಏನ್ ಮಾಡ್ಲಿ ಹೇಳ್ರಿ.

ಮಟ್ಟಗೋಲು:

ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆ. ಗದ್ದೆ ಕಡೆಯ ಮಣ್ಣು ನೀರು ಕುಡಿದು ಉಬ್ಬುತ್ತಿದೆ, ಜಾಲಿ ಕಡೆಯ ಮಣ್ಣಿನ ಪಸೆಯನ್ನು ಬೇರು ಹೀರಿ ಅದು ಕುಗ್ಗುತ್ತಿದೆ. ಎರೆಯ ಸ್ವಭಾವವೇ ಅದು: ಒದ್ದೆಯಾದರೆ ಹಿಗ್ಗುತ್ತದೆ, ಒಣಗಿದರೆ ಸೀಳುತ್ತದೆ. ಮೇಲಿನ ನಾಲ್ಕು ಇಂಚು ಗರಸು ಇದನ್ನು ತಡೆಯಲಾರದು, ಕೆಳಗಿನ ಮಣ್ಣು ಹೇಗೆ ಆಡಿತೋ ಹಾಗೆ ಅದೂ ಆಡುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸಂಕ್ರಾಂತಿಗೆ ಮುಂಚೆ ಅಗೆಯಬೇಡಿ. ಸುತ್ತ ಗದ್ದೆಯಲ್ಲಿ ನೀರು ನಿಂತಿರುವಾಗ ಗುಂಡಿ ತೋಡಿದರೆ ತಳ ಕೆಸರಾಗುತ್ತದೆ, ಕೆಸರಿನ ಮೇಲೆ ಎಷ್ಟು ರೋಲರ್ ಓಡಿಸಿದರೂ ಗಟ್ಟಿಯಾಗುವುದಿಲ್ಲ. ದೊಡ್ಡ ಕೆಲಸ ಕಾಲುವೆ ಬಂದ್ ಆದ ಮೇಲೆ, ಏಪ್ರಿಲ್-ಮೇನಲ್ಲಿ. ಈಗ ತೇಪೆ ಸಾಕು.

ತೇಪೆ ಹೀಗೆ. ಮ್ಯಾಟ್ ತೆಗೆದು ಮೇಲಿನ ಎರಡು ಇಂಚು ಕೆರೆದು ಪಕ್ಕಕ್ಕೆ ಹಾಕಿ. ಬಿರುಕಿಗೆ ಬರೀ ನೀರು ಸುರಿಯಬೇಡಿ, ಒಣ ಗರಸನ್ನು ಜರಡಿ ಹಿಡಿದು ಸರಳಿನಿಂದ ತುಂಬಿ ಕುಟ್ಟಿ, ಆಮೇಲೆ ನೀರು ಚಿಮುಕಿಸಿ. ಲೆವೆಲ್ ಪೈಪ್ (ನೀರು ತುಂಬಿದ ಪಾರದರ್ಶಕ ಪೈಪ್) ಹಿಡಿದು ಎರಡೂ ಎಂಡ್ ಮಟ್ಟ ನೋಡಿ. ಉಬ್ಬಿದ ಎಂಡ್ ಕೆರೆಯಬೇಕು, ಕುಸಿದ ಎಂಡಿಗೆ ತುಂಬಬೇಕು. ತುಂಬುವುದೊಂದನ್ನೇ ಮಾಡಿದರೆ ನಡುವೆ ದಿಬ್ಬ ಉಳಿಯುತ್ತದೆ. ಕೆರೆದದ್ದನ್ನು ಮತ್ತೆ ಹದಕ್ಕೆ ತಂದು ಹಾಸಿ ರೋಲ್ ಮಾಡಿ. ಆಮೇಲೆ ಹತ್ತು ಅಡಿಯ ನೇರ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ, ಪಟ್ಟಿಯ ಕೆಳಗೆ ಎಲ್ಲೂ 5-6 ಮಿ.ಮೀ.ಗಿಂತ ಹೆಚ್ಚು ಸಂದಿ ಕಾಣಬಾರದು. ಬ್ಯಾಟ್ಸ್‌ಮನ್ ಸ್ಟಂಪಿನಿಂದ 12 ರಿಂದ 24 ಅಡಿವರೆಗಿನ ಜಾಗದಲ್ಲಿ ಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ಬಾಲ್ ಹೆಚ್ಚಾಗಿ ಬೀಳುವುದು ಅಲ್ಲೇ.

ಹದ ಅಂದರೆ ಏನು: ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಬಿಡಿ. ಮೂರ್ನಾಲ್ಕು ತುಂಡಾದರೆ ಸರಿ. ಪುಡಿಪುಡಿಯಾದರೆ ನೀರು ಕಮ್ಮಿ, ಹಾಗೇ ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ. ಜಾಸ್ತಿಯಾದಾಗ ರೋಲರಿಗೆ ಮಣ್ಣು ಮೆತ್ತಿಕೊಂಡು ಮೇಲ್ಮೈ ಸಿಪ್ಪೆಯಂತೆ ಏಳುತ್ತದೆ.

ಮಸಾರಿ:

ಬೇಸಿಗ್ಯಾಗ ಮಾಡೋ ದೊಡ್ಡ ಕೆಲಸದ ಅಳತಿ ಹೇಳ್ತೀನಿ, ಬರಕೊಳ್ರಿ.

ಮ್ಯಾಟ್ 66 ಅಡಿ ಉದ್ದ, 8 ಅಡಿ ಅಗಲ ಅಂತ ಇಟ್ಕೊಂಡ್ರ, ಗುಂಡಿ 75 ಅಡಿ ಉದ್ದ, 12 ಅಡಿ ಅಗಲ, ಒಂದೂವರಿ ಅಡಿ ಆಳ. ಉದ್ದಕ್ಕ ನಾಕೂವರಿ ಅಡಿ ಆಚೆ ಯಾಕ ಅಂದ್ರ, ಬೌಲರ್‌ನ ಹಿಂದಿನ ಕಾಲು ಬೀಳೋದು ಮ್ಯಾಟ್ ಮುಗಿಯೋ ಅಂಚಿನ ಹತ್ರ. ಅಲ್ಲಿ ಗರಸು ಇಲ್ಲಾಂದ್ರ ನಾಕು ಮ್ಯಾಚ್‌ನಾಗ ಗುಂಡಿ ಬೀಳ್ತೈತಿ. ಲೆಕ್ಕ ಹಾಕಿದ್ರ 1,350 ಘನ ಅಡಿ, ಅಂದ್ರ ಹದಿಮೂರೂವರಿ ಬ್ರಾಸ್ (ನೂರು ಘನ ಅಡಿಗೆ ಒಂದು ಬ್ರಾಸ್). ದಮ್ಮಾಸು ಮಾಡಿದ್ರ, ಅಂದ್ರ ಬಡದು ಗಟ್ಟಿ ಮಾಡಿದ್ರ, ಕುಗ್ಗತೈತಿ, ಅದಕ್ಕ ಹದಿನೇಳೂವರಿ ಬ್ರಾಸ್ ತರಿಸ್ರಿ. ಟ್ರ್ಯಾಕ್ಟರ್ ಟ್ರೇಲರ್ ಲೆಕ್ಕದಾಗ ಕೊಂಡ್ರ ಟ್ರೇಲರ್ ಅಳದೇ ಒಪ್ಪಂದ ಮಾಡ್ಕೊಳ್ರಿ, ಎಲ್ಲಾ ಟ್ರೇಲರ್ ಒಂದೇ ಸೈಜ್ ಇರಂಗಿಲ್ಲ.

ತಳದಾಗ ಒಣಗಿ ಸೀಳಿದ ಎರೆ ಸಿಕ್ಕರ ಹಂಗೇ ಗರಸು ಸುರೀಬ್ಯಾಡ್ರಿ. ಎರಡು-ಮೂರು ದಿನ ಸಂಜಿಕ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಬಿರುಕು ಮುಚ್ಚಿಸ್ರಿ. ಪೂರ್ತಿ ಒಣಗಿದ ಎರೆ ಮ್ಯಾಲ ಕಟ್ಟಿದ್ರ ಮೊದಲ ಮಳಿಗೇ ಅದು ಹಿಗ್ಗಿ, ನೀವು ಹಿಡಿದ ಮಟ್ಟ ಎತ್ತಿ ಒಗೀತೈತಿ.

ಗರಸು ನಾಕು ಇಂಚು ಸಡಿಲ ಹಾಸ್ರಿ, ದಮ್ಮಾಸಾದ ಮ್ಯಾಲ ಮೂರು ಇಂಚು ಉಳೀಬೇಕು. ಅಂಥವು ಐದು ಪದರ. ಪ್ರತಿ ಪದರಕ್ಕೂ ಮ್ಯಾಲ ಹೇಳಿದ ಉಂಡಿ ಪರೀಕ್ಷೆ. ಕೈಯಿಂದ ಎಳಿಯೋ ರೋಲರ್ ತಳದ ಪದರಕ್ಕ ಸಾಲಂಗಿಲ್ಲ, ಪ್ಲೇಟ್ ಕಂಪ್ಯಾಕ್ಟರ್ (ಮಣ್ಣು ಬಡದು ಗಟ್ಟಿ ಮಾಡೋ ಮಷೀನ್) ಒಂದು ದಿನಕ್ಕ ಬಾಡಿಗಿ ತಗೊಳ್ರಿ.

ಕಡೀ ಮೂರು ಇಂಚು ಬ್ಯಾರೆ ಮಿಶ್ರಣ: ಸಣ್ಣ ಜರಡಿ ಹಿಡಿದ ಗರಸು ಐದು ಪಾಲು, ಪುಡಿ ಮಾಡಿದ ಎರೆ ಒಂದು ಪಾಲು. ಎರೆ ಇಲ್ಲಿ ಅಂಟು ಅಷ್ಟೇ. ಎರಡು ಪಾಲು ಹಾಕಿದ್ರ ಮತ್ತ ಬಿರುಕು, ಪೂರ್ತಿ ಬಿಟ್ರ ಮ್ಯಾಟ್ ಕೆಳಗ ಧೂಳಾಗಿ ಒಂದು ಕಡೆ ಗುಪ್ಪಿ ಬೀಳ್ತೈತಿ. ಕಲಸೋದು ಒಣ ಇದ್ದಾಗ, ನೀರು ಆಮ್ಯಾಲ.

ಲೆಗ್ ಬೈ:

ತಳಕ್ಕ ದಪ್ಪ ಕಲ್ಲು, ಅದರ ಮ್ಯಾಲ ಮರಳು ಹಾಕಿದ್ರ ನೀರು ಸಲೀಸಾಗಿ ಇಳೀತೈತಲ್ಲ? ದೊಡ್ಡ ಸ್ಟೇಡಿಯಂನಾಗ ಹಂಗೇ ಮಾಡ್ತಾರ.

ಮಟ್ಟಗೋಲು:

ಇಳಿದು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಪ್ರಶ್ನೆ. ಅಲ್ಲಿ ತಳದಲ್ಲಿ ಪೈಪ್ ಇರುತ್ತದೆ, ನೀರು ಹೊರಗೆ ಹೋಗಲು ದಾರಿ ಇರುತ್ತದೆ. ಎರೆಯಲ್ಲಿ ಗುಂಡಿ ತೋಡಿ ಕಲ್ಲು-ಮರಳು ತುಂಬಿದರೆ ಆಗುವುದು ನೀರಿನ ತೊಟ್ಟಿ. ಸುತ್ತಲಿನ ನೀರೆಲ್ಲ ಬಂದು ಅಲ್ಲಿ ನಿಲ್ಲುತ್ತದೆ, ತಳದ ಎರೆ ತಿಂಗಳುಗಟ್ಟಲೆ ಒದ್ದೆಯಾಗೇ ಇರುತ್ತದೆ. ಅದಕ್ಕೇ ಸಣ್ಣ ಕಾಳಿನ, ಚೆನ್ನಾಗಿ ದಮ್ಮಾಸಾಗುವ ಗರಸು ಬೇಕು. ನೀರು ಒಳಗೆ ಇಳಿಯಬಾರದು, ಮೇಲಿಂದಲೇ ಹರಿದು ಹೋಗಬೇಕು. ಎರೆ ನೆಲದ ಕಾಲುವೆ ಕೆಲಸಗಳಲ್ಲೂ ಹಿಗ್ಗದ ಗರಸಿನ ಪದರ ಕೊಡುವುದು ಇದೇ ಕಾರಣಕ್ಕೆ.

ಪಿಚ್ಚಿನ ಮೇಲ್ಮೈ ಸುತ್ತಲಿನ ನೆಲಕ್ಕಿಂತ ಎರಡು-ಮೂರು ಇಂಚು ಎತ್ತರ ಇರಲಿ. ಉದ್ದಕ್ಕೆ ಪೂರ್ತಿ ಮಟ್ಟ, ಅಡ್ಡಕ್ಕೆ ಎಂಟು ಅಡಿಗೆ ಒಂದು ಇಂಚು ಇಳಿಜಾರು. ಗದ್ದೆ ಕಡೆ, ಪಿಚ್ಚಿನಿಂದ ಹನ್ನೆರಡು ಅಡಿ ದೂರದಲ್ಲಿ, ಎರಡೂವರೆ ಅಡಿ ಆಳದ ಕಾಲುವೆ ತೋಡಿ. ಅದರ ಪಿಚ್ ಕಡೆಯ ಗೋಡೆಗೆ ದಪ್ಪ ಪ್ಲಾಸ್ಟಿಕ್ ಶೀಟ್ ನಿಲ್ಲಿಸಿ. ಕಾಲುವೆಯ ತಳ ಗರಸಿನ ತಳಕ್ಕಿಂತ ಕೆಳಗಿರಬೇಕು, ನೀರಿಗೆ ಹೊರದಾರಿ ಇರಲೇಬೇಕು. ದಾರಿ ಇಲ್ಲದ ಕಾಲುವೆ ತೋಡುವುದಕ್ಕಿಂತ ತೋಡದಿರುವುದು ವಾಸಿ. ಅದು ಬೌಲರ್ ಓಡಿ ಬರುವ ದಾರಿಯಲ್ಲೇ ಇರುವುದರಿಂದ ಜಲ್ಲಿ ತುಂಬಿ, ಮೇಲೆ ಮಣ್ಣು ಮುಚ್ಚಿ, ನೆಲದ ಮಟ್ಟಕ್ಕೆ ತನ್ನಿ. ಇಲ್ಲವಾದರೆ ಯಾರದೋ ಕಣಕಾಲು ಮುರಿಯುತ್ತದೆ.

ಜಾಲಿಯ ಮಾತು: ಮರದ ಎತ್ತರ ಎಷ್ಟೋ ಕನಿಷ್ಠ ಅಷ್ಟು ದೂರ ಪಿಚ್ ಇರಬೇಕು. ಕಡಿದರೆ ಮತ್ತೆ ಚಿಗುರುತ್ತದೆ, ಬೊಡ್ಡೆ ಸಮೇತ ಕೀಳಬೇಕು. ಶಾಲೆ ಅಥವಾ ಪಂಚಾಯಿತಿ ಜಾಗವಾದರೆ ಮೊದಲು ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಅಗೆಯುವುದಕ್ಕೂ ಅದೇ ಮಾತು.

ಕಾಲುವೆ ಎಂಡ್:

ಗರಸು ಒಳ್ಳೇದೋ ಕೆಟ್ಟದ್ದೋ ಹೆಂಗ್ ಗೊತ್ತಾಗ್ತೈತ್ರೀ? ನಮ್ಮ ಕಡೆ ಎರಡು ಕ್ವಾರಿ ಅದಾವ, ಇಬ್ರೂ ತಮ್ದೇ ಚಲೋ ಅಂತಾರ.

ಮಸಾರಿ:

ಕ್ವಾರಿಯವರ ಮಾತು ಬಿಡ್ರಿ, ಬಾಟ್ಲಿ ಹೇಳ್ತೈತಿ. ಒಂದೇ ಅಳತಿಯ ಎರಡು ಸಪೂರ ಗಾಜಿನ ಬಾಟ್ಲಿ ತಗೊಳ್ರಿ. ಒಣ ಗರಸು ಕುಟ್ಟಿ, ನಯ ಜರಡಿ ಹಿಡಿದು, ಎರಡಕ್ಕೂ ತೂಕ ಮಾಡಿ ಸಮ ಸಮ ಹಾಕ್ರಿ. ಒಂದಕ್ಕ ನೀರು, ಇನ್ನೊಂದಕ್ಕ ಸೀಮೆಎಣ್ಣಿ. ಕಲಕಿ ಗಾಳಿಗುಳ್ಳಿ ಬಿಡಿಸಿ ಒಂದು ದಿನ ಬಿಡ್ರಿ. ಸೀಮೆಎಣ್ಣ್ಯಾಗ ಮಣ್ಣು ಹಿಗ್ಗಂಗಿಲ್ಲ, ನೀರಿನಾಗ ಹಿಗ್ಗತೈತಿ. ಎಣ್ಣಿ ಬಾಟ್ಲ್ಯಾಗ ಮಣ್ಣು 10 ಗೆರಿ ಇದ್ದು ನೀರಿನ ಬಾಟ್ಲ್ಯಾಗ 11-12 ಇದ್ರ ತಗೊಳ್ರಿ. 15 ದಾಟಿದ್ರ ಆ ಗರಸಿನ್ಯಾಗ ಎರೆ ಬೆರತೈತಿ, ವಾಪಸ್ ಕಳಿಸ್ರಿ. ಲ್ಯಾಬಿನವರು ಮಾಡೋದೂ ಇದೇ, ಅವರು 10 ಗ್ರಾಂ ಮಣ್ಣು, 100 ಮಿ.ಲೀ. ಸಿಲಿಂಡರ್ ಬಳಸ್ತಾರ. ನಿಮ್ಮ ಮೈದಾನದ ಎರೆನೂ ಒಮ್ಮಿ ಹಾಕಿ ನೋಡ್ರಿ, ಯಾಕ ಅಗೀಬೇಕು ಅಂತ ಮೀಟಿಂಗ್‌ನಾಗ ಮಾತಾಡೋದೇ ಬೇಕಾಗಂಗಿಲ್ಲ.

ಕೋಟೆ ಕೆಳಗೆ, ಬಳ್ಳಾರಿ:

ಸಿಮೆಂಟ್ ಅಂದವ್ರಿಗೆ ಒಂದು ಲೆಕ್ಕ. 66 × 8 ಅಡಿಗೆ 5 ಇಂಚು ದಪ್ಪ ಅಂದ್ರೆ 220 ಘನ ಅಡಿ, ಸುಮಾರು 6.2 ಘನ ಮೀಟರ್. 1:1.5:3 ಮಿಶ್ರಣಕ್ಕೆ (ಸಿಮೆಂಟ್, ಮರಳು, ಜಲ್ಲಿ) 50 ಚೀಲ ಸಿಮೆಂಟ್ ಬೇಕಾಗ್ತೈತೆ. ಮಜಾ ಏನಂದ್ರೆ, ಅದ್ರ ಕೆಳಗೂ ಇದೇ ಒಂದೂವರೆ ಅಡಿ ಗರಸು ಬೇಕು. ಎರೆ ಮೇಲೆ ನೇರವಾಗಿ ಹಾಕಿದ ಸ್ಲ್ಯಾಬ್ ಎರಡು ಮಳೆಗಾಲದಾಗೆ ಒಡೀತೈತೆ. ಆಮೇಲೆ ಗರಸಿನಂಗೆ ಕೆರೆದು ಸರಿ ಮಾಡಾಕೂ ಬರಲ್ಲ.

ನೆಟ್ಸಿಗೆ ಮಾತ್ರ ಸಿಮೆಂಟ್ ಚೆನ್ನಾಗೈತೆ, ದಿನಾ ನೂರಾರು ಬಾಲ್ ಬಿದ್ರೂ ತಡೀತೈತೆ. ಪ್ರತಿ 11 ಅಡಿಗೆ ಜಾಯಿಂಟ್ ಕಟ್ ಮಾಡ್ಸಿ, ಸಪೂರ ಇದ್ರೆ ಮ್ಯಾಟ್ ಕೆಳಗೆ ಗೊತ್ತಾಗಲ್ಲ. ಹದಿನಾಲ್ಕು ದಿನ ನೀರು ನಿಲ್ಲಿಸಿ ಕ್ಯೂರಿಂಗ್. ನಮ್ಮ ಕಡೆ ಬಿಸಿಲಿಗೆ ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರಲ್ಲ, ಒದ್ದೆ ಗೋಣಿ ಚೀಲ ಮುಚ್ಚಿ. ಮೇಲ್ಮೈ ಕನ್ನಡಿಯಂಗೆ ನುಣ್ಣಗೆ ಮಾಡಿಸ್ಬೇಡ್ರಿ, ಮ್ಯಾಟ್ ಜಾರ್ತೈತೆ. ಸ್ಟಂಪ್ ಸ್ಪ್ರಿಂಗಿನವೇ ಬೇಕು.

ಹುಲ್ಲಿನ ಪಿಚ್ ಬಗ್ಗೆ: ಎರೆ ಅದಕ್ಕೆ ಒಳ್ಳೆ ಮಣ್ಣೇ, ಕರಿಕಿ ಹುಲ್ಲೂ ಬೆಳೀತೈತೆ. ತೊಂದ್ರೆ ನೀರಿಂದು, ಆಳಿಂದು. ಒಂದೇ ಪಿಚ್ 20.12 × 3.05 ಮೀಟರ್, ಅಂದ್ರೆ 61 ಚದರ ಮೀಟರ್. ಬೇಸಿಗೇಲಿ ದಿನಕ್ಕೆ 6 ಮಿ.ಮೀ. ಕೊಟ್ರೂ 370 ಲೀಟರ್. ಒಂದೇ ಪಿಚ್ ಮೇಲೆ ವಾರವಾರ ಆಡಾಕೆ ಬರಲ್ಲ, ಮೂರಾದ್ರೂ ಬೇಕು. ದಿನಾ ನೋಡ್ಕಳೋ ಒಬ್ಬ ಮಾಲಿ ಇಲ್ದೆ ಕೈ ಹಾಕ್ಬೇಡ್ರಿ. ಬೋರಿನ ನೀರು ಸವಳಿದ್ರಂತೂ ಮುಗೀತು: ಮಣ್ಣು ಮೇಲೆ ಹೆಪ್ಪುಗಟ್ಟಿ ನೀರೇ ಇಳಿಯಲ್ಲ, ಹುಲ್ಲು ಸುಡ್ತೈತೆ.

ಸ್ಕೋರ್ ಬುಕ್:

ಪಿಚ್ ಎಷ್ಟೇ ಚೆನ್ನಾಗಿದ್ದರೂ ಮ್ಯಾಟ್ ಸಡಿಲ ಇದ್ದರೆ ಎಲ್ಲ ದಂಡ. ಬಿಗಿ ಮ್ಯಾಟಿನ ಮೇಲೆ ಬಾಲ್ ಜೋರಾಗಿ ಏಳುತ್ತದೆ, ಸಡಿಲ ಮ್ಯಾಟಿನ ಮೇಲೆ ಹಿಡಿದು ತಿರುಗುತ್ತದೆ, ಕೂರುತ್ತದೆ. ನಿಮ್ಮ ಜಾಲಿ ಎಂಡಿನ ಅರ್ಧ ತೊಂದರೆ ಇದೂ ಇರಬಹುದು, ಒಮ್ಮೆ ಎಳೆದು ಕಟ್ಟಿ ನೋಡಿ.

ಒಂದು ತುದಿಗೆ ಮೊಳೆ ಹೊಡೆದು, ಇನ್ನೊಂದು ತುದಿಗೆ ಬಿದಿರು ಸಿಕ್ಕಿಸಿ ಆರು ಜನ ಒಟ್ಟಿಗೆ ಎಳೆಯಿರಿ. ಆ ತುದಿಗೆ ಮೊಳೆ ಹೊಡೆದ ಮೇಲೆ ಬದಿ, ಬದಿಯಲ್ಲಿ ನಡುವಿನಿಂದ ತುದಿಯ ಕಡೆಗೆ, ಎರಡೆರಡು ಅಡಿಗೊಂದು. 10 ಮಿ.ಮೀ. ಸರಳನ್ನು ಒಂಬತ್ತು ಇಂಚಿಗೆ ಕತ್ತರಿಸಿ, ತಲೆಗೆ ದೊಡ್ಡ ವಾಷರ್ ವೆಲ್ಡ್ ಮಾಡಿಸಿದರೆ ಸಾಕು. ತಲೆ ಮ್ಯಾಟಿನ ಮಟ್ಟಕ್ಕೇ ಕೂರಬೇಕು, ಎದ್ದರೆ ಬಾಲ್ ಅಡ್ಡ ಹೋಗುತ್ತದೆ, ಡೈವ್ ಹೊಡೆದವನ ಮೊಣಕೈ ಹರಿಯುತ್ತದೆ. ಪ್ರತಿ ಇನ್ನಿಂಗ್ಸ್ ನಡುವೆ ಒಬ್ಬ ಸುತ್ತಿಗೆ ಹಿಡಿದು ಒಂದು ಸುತ್ತು ಬರಲಿ. ಟೂರ್ನಿಯಲ್ಲಿ ಆ ಕೆಲಸಕ್ಕೆ ಹೆಸರು ಬರೆದಿಡಿ. ‘ಯಾರಾದರೂ ಮಾಡುತ್ತಾರೆ’ ಅಂದರೆ ಯಾರೂ ಮಾಡುವುದಿಲ್ಲ.

ಕಬ್ಬಿಣದ ಸ್ಪೈಕ್ ಶೂಗೆ ಮ್ಯಾಟ್ ಮೇಲೆ ಅವಕಾಶ ಕೊಡಬೇಡಿ. ಟೂರ್ನಿಯ ನಿಯಮದ ಹಾಳೆಯಲ್ಲೇ ಬರೆಯಿರಿ, ಟಾಸ್ ಹೊತ್ತಿಗೆ ಹೇಳಿದರೆ ಜಗಳ. ಒದ್ದೆ ಮ್ಯಾಟ್ ಸುತ್ತಿಡಬೇಡಿ, ನಾರು ಕೊಳೆಯುತ್ತದೆ. ಒಣಗಿಸಿ, ಸುತ್ತಿ, ನೆಲದಿಂದ ಎರಡು ಅಡಿ ಎತ್ತರ ಬಿದಿರಿನ ಮೇಲೆ ಇಡಿ. ಭತ್ತದ ಊರಲ್ಲಿ ಇಲಿ ಕಾಟ ನಿಮಗೇ ಗೊತ್ತು.

ಗೆರೆ ಎಳೆಯುವಾಗ ಆಗುವ ತಪ್ಪು: ಪಾಪಿಂಗ್ ಕ್ರೀಸಿನ (ಬ್ಯಾಟ್ಸ್‌ಮನ್ ನಿಲ್ಲುವ ಗೆರೆ) ನಾಲ್ಕು ಅಡಿಯನ್ನು (1.22 ಮೀ.) ಮ್ಯಾಟಿನ ಅಂಚಿನಿಂದ ಅಳೆಯುತ್ತಾರೆ. ಅಳೆಯಬೇಕಾದದ್ದು ಸ್ಟಂಪಿನ ನಡುವಿನಿಂದ. ನಿಮ್ಮ ಮ್ಯಾಟ್ ಎಳೆದು ಎಳೆದು 67 ಅಡಿ ಆಗಿರಬಹುದು, ಅದಕ್ಕೆ ಮೊದಲು 22 ಗಜಕ್ಕೆ ಟೇಪ್ ಹಿಡಿದು ಸ್ಟಂಪ್ ನೆಡಿ, ಆಮೇಲೆ ಗೆರೆ.

ಕಾಲುವೆ ಎಂಡ್:

ಎಲ್ಲಾರ್ಗೂ ಭಾಳ ಉಪಕಾರ ಆತ್ರೀ. ಈಗ ತೇಪಿ, ಮೇ ತಿಂಗಳದಾಗ ಗರಸು, ನೆಟ್ಸಿಗೆ ಸಿಮೆಂಟ್ ಮುಂದಿನ ವರ್ಷ ಅಂತ ಭಾನುವಾರದ ಮೀಟಿಂಗ್‌ನಾಗ ಇಡ್ತೀನಿ. ಒಂದೇ ಅನುಮಾನ: ತೇಪಿ ಹಾಕಿದ ಮ್ಯಾಲ ಎಷ್ಟು ದಿನಕ್ಕ ಮ್ಯಾಚ್ ಆಡಬಹುದು?

ಮಟ್ಟಗೋಲು:

ರೋಲ್ ಮಾಡಿ ಮೂರು ದಿನ ಮ್ಯಾಟ್ ಹಾಸದೆ ಬಿಸಿಲಿಗೆ ಬಿಡಿ, ದನ-ಎಮ್ಮೆ ತುಳಿಯದಂತೆ ಸುತ್ತ ಹಗ್ಗ ಕಟ್ಟಿ. ನಾಲ್ಕನೇ ದಿನ ಹೆಬ್ಬೆರಳು ಒತ್ತಿ ನೋಡಿ, ಗುರುತು ಬೀಳದಿದ್ದರೆ ಮ್ಯಾಟ್ ಹಾಸಿ ನೆಟ್ ಪ್ರಾಕ್ಟೀಸ್ ಶುರು ಮಾಡಿ. ಟೂರ್ನಿಗೆ ಹತ್ತು ದಿನ ಮುಂಚೆ ಮ್ಯಾಟ್ ಎತ್ತಿ ಪಟ್ಟಿ ಇಟ್ಟು ಇನ್ನೊಮ್ಮೆ ಮಟ್ಟ ನೋಡಿ. ಭತ್ತ ಕೊಯ್ಲಿಗೆ ಗದ್ದೆಯ ನೀರು ಇಳಿಸಿದ ಮೇಲೆ ಆ ಎಂಡ್ ಸ್ವಲ್ಪ ಕುಸಿದೇ ಕುಸಿಯುತ್ತದೆ. ಅದಕ್ಕಾಗಿ ಎರಡು ಬುಟ್ಟಿ ಜರಡಿ ಹಿಡಿದ ಮಿಶ್ರಣ ಮಳೆ ತಾಗದ ಕಡೆ ಎತ್ತಿಟ್ಟುಕೊಳ್ಳಿ.