ಪದಚರ್ಚೆ: 'ಸ್ಟಿಫ್‌ನೆಸ್' ಅಂದರೆ ಬಿಗಿತವೋ, ಗಡಸುತನವೋ, ಪೆಡಸುತನವೋ?

ಗೆಳೆಯರೇ,

ತುಂಡಾದ ಅಂಗ ಮತ್ತೆ ಬೆಳೆಯುವ ಪ್ರಾಣಿಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಸಿಹಿನೀರಿನ ಪುಟ್ಟ ಜೀವಿ ಹೈಡ್ರಾ, ನೀರಲ್ಲೇ ಬದುಕುವ ಸಾಲಮ್ಯಾಂಡರ್ ಜಾತಿಯ ಆಕ್ಸೊಲಾಟಲ್, ನಮ್ಮ ಅಡುಗೆಮನೆಯ ಹಲ್ಲಿ, ಎಲ್ಲ ಬರುತ್ತವೆ. ಮೂರು ದಿನದಿಂದ ಒಂದೇ ವಾಕ್ಯದ ಮುಂದೆ ಕೂತಿದ್ದೇನೆ: "ತಳದ ____ ಬದಲಾದರೆ ಕೋಶದ ಹಣೆಬರಹವೂ ಬದಲಾಗುತ್ತದೆ."

ಹಿನ್ನೆಲೆ ಇಷ್ಟು. ಒಂದೇ ಬಗೆಯ ಕಾಂಡಕೋಶಗಳನ್ನು (ಸ್ಟೆಮ್ ಸೆಲ್, ಮುಂದೆ ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲವು) ಬೇರೆ ಬೇರೆ ಜೆಲ್ ಮೇಲೆ (ನನ್ನ ವಾಕ್ಯದ 'ತಳ' ಇದೇ) ಬೆಳೆಸಿ ನೋಡಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. 1 ಕಿಲೋಪಾಸ್ಕಲ್‌ಗಿಂತ ಕಡಿಮೆ ಇರುವ (ಈ ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ), ಮಿದುಳಿನಷ್ಟು ಮೆತ್ತನೆಯ ಜೆಲ್ ಮೇಲೆ ಅವು ನರಕೋಶದ ಕಡೆ ವಾಲಿದವು. 10ರ ಆಸುಪಾಸಿನಲ್ಲಿ ಸ್ನಾಯುವಿನ ಕಡೆ, 25ರಿಂದ 40ರಲ್ಲಿ ಮೂಳೆಯ ಕಡೆ. ಬಿಟ್ಟ ಜಾಗದಲ್ಲಿ ಬೇಕಾದದ್ದು ಈ ಕಿಲೋಪಾಸ್ಕಲ್ ಲೆಕ್ಕದ ಗುಣದ ಹೆಸರು, ಇಂಗ್ಲಿಷಿನ 'ಸ್ಟಿಫ್‌ನೆಸ್'. ಒತ್ತಿದರೆ ಸುಲಭವಾಗಿ ತಗ್ಗುತ್ತದೋ, ಎದುರು ನಿಲ್ಲುತ್ತದೋ, ಅಷ್ಟೇ.

ಮೊದಲು 'ಎಳಸು', 'ಬಲಿತದ್ದು' ಅಂತಲೇ ಬರೆದೆ. ಗಾಂಧಿ ಬಜಾರಿನಲ್ಲಿ ಬೆಂಡೆಕಾಯಿ ತುದಿ ಬಾಗಿಸಿ ನೋಡುತ್ತೇವಲ್ಲ, ಪಟ್ ಅಂದರೆ ಎಳಸು, ಬಳುಕಿ ನಾರು ಬಿಟ್ಟರೆ ಬಲಿತದ್ದು. ಎಷ್ಟು ಚಂದದ ಪದಗಳು! ಆದರೆ ಅವುಗಳೊಳಗೆ ವಯಸ್ಸು ಕೂತಿದೆ. ಇಲಿಯ ಮಿದುಳು, ಬೆನ್ನುಹುರಿಗೆ ಗಾಯವಾಗಿ ಉಳಿದ ಕಲೆ ಸುತ್ತಲಿನ ಭಾಗಕ್ಕಿಂತ ಮೆತ್ತಗಿರುತ್ತದೆ ಅಂತ 2017ರಲ್ಲಿ ಅಳೆದು ತೋರಿಸಿದ್ದಾರೆ. ಚರ್ಮದ ಕಲೆ ಹಾಗಲ್ಲ, ಮುಟ್ಟಿದರೇ ಗಟ್ಟಿ. ಹಳೆಯದೆಲ್ಲ ಗಟ್ಟಿ ಅನ್ನುವ ಬೆಂಡೆಕಾಯಿ ನ್ಯಾಯ ಮಿದುಳಿನಲ್ಲಿ ನಡೆಯುವುದಿಲ್ಲ.

'ಗಡಸುತನ' ಬೇಡ. ಬೋರ್‌ವೆಲ್ ನೀರಿನ ಜೊತೆ ಅದಕ್ಕೆ ಮದುವೆಯಾಗಿ ಹೋಗಿದೆ. ಖನಿಜದ ಮೇಲೆ ಗೀರು ಬೀಳುತ್ತದಾ ಅನ್ನುವುದಕ್ಕೂ ಪಾಠದಲ್ಲಿ ಅದೇ ಪದ.

'ಬಿಗಿತ' ಹತ್ತಿರ ಬಂದಿತ್ತು. ಕೆಡಿಸಿದ್ದು ಹೈಡ್ರಾ. ಇದನ್ನು ಕತ್ತರಿಸಿ ನೋಡುವ ಆಟ ಹಳೆಯದು, ಅಬ್ರಹಾಂ ಟ್ರೆಂಬ್ಲಿ ಅನ್ನುವ ಜೀವವಿಜ್ಞಾನಿ 1744ರಲ್ಲೇ ಪುಸ್ತಕ ಪ್ರಕಟಿಸಿದ್ದ. ಅದರ ಮೈಯಿಂದ ಕತ್ತರಿಸಿದ ಚೂರು ಮಡಚಿಕೊಂಡು ಟೊಳ್ಳು ಚೆಂಡಾಗುತ್ತದೆ. ಒಳಗೆ ನೀರು ತುಂಬುತ್ತಾ ನಿಧಾನಕ್ಕೆ ಉಬ್ಬುತ್ತದೆ, ಒಂದು ಕಡೆ ಬಾಯಿ ಬಿಟ್ಟು ತಟ್ಟನೆ ಕುಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಉಬ್ಬಿದಾಗ ಚೆಂಡಿನ ಗೋಡೆ ಬಿಗಿಯಾಗಿದೆ ಅಂತ ಯಾರಾದರೂ ಹೇಳುತ್ತಾರೆ. ಬಲೂನು ಊದಿದ ಹಾಗೆ. ಆ ಬಿಗಿ ಬಂದದ್ದು ಎಳೆತದಿಂದ. ರಬ್ಬರು ಸ್ವತಃ ಎಂಥದ್ದು ಅನ್ನುವುದು ಬೇರೆ ಮಾತು. ನನ್ನ ಲೇಖನಕ್ಕೆ ಎರಡೂ ಬೇಕು, ಅದೂ ಒಂದೇ ಪ್ಯಾರಾದಲ್ಲಿ. 'ಬಿಗಿತ'ವನ್ನು ಆ ಎಳೆತಕ್ಕೇ ಬಿಡೋಣ ಅನ್ನಿಸುತ್ತದೆ.

ಉಳಿದದ್ದು 'ಪೆಡಸು'. ನನ್ನ ಒಲವು ಇದಕ್ಕೇ. "ತಳದ ಪೆಡಸುತನ" ಅಂದರೆ ಕಿವಿಗೂ ಹಿತ. ಅಮ್ಮನ ತಕರಾರು ಬೇರೆ: ರಾತ್ರಿಯ ಚಪಾತಿ ಬೆಳಿಗ್ಗೆಗೆ ಬಾಗದೆ ಲಟಕ್ ಅಂತ ಮುರಿದರೆ ಅದು ಪೆಡಸು, ಬರೀ ಗಟ್ಟಿ ಇದ್ದರೆ ಅಲ್ಲ. ಹಾಗಾದರೆ ಮುರಿಯುವ ಗುಣವೂ ಇದರೊಳಗೆ ಸೇರಿದೆಯಾ? ಹಲ್ಲಿಯ ಹೊಸ ಬಾಲಕ್ಕೆ ಈ ಪದ ಹಾಕಲು ಹೋಗಿ ನಿಂತದ್ದು ಇಲ್ಲೇ. ಅದರಲ್ಲಿ ಮೊದಲಿನಂತೆ ಬೆನ್ನೆಲುಬಿನ ಮಣಿಗಳಿರುವುದಿಲ್ಲ, ಉದ್ದಕ್ಕೂ ಮೃದ್ವಸ್ಥಿಯ (ನಮ್ಮ ಕಿವಿಯಲ್ಲಿರುವಂಥ ಮೆದು ಎಲುಬು) ಒಂದು ಕೊಳವೆ. ನಮ್ಮನೆ ಟ್ಯೂಬ್‌ಲೈಟ್ ಹಿಂದಿನ ಹಲ್ಲಿಗೆ ಹಾಗೆ ಬಂದ ಬಾಲ ಮೊಂಡಾಗಿ, ಬೇರೆ ಬಣ್ಣದಲ್ಲಿ, ಅಂಟಿಸಿದಂತಿದೆ. ಅದನ್ನು ಪೆಡಸು ಅಂದರೆ ಮಕ್ಕಳು ಚಪಾತಿ ಥರ ಮುರಿಯುತ್ತೆ ಅಂದುಕೊಳ್ಳುತ್ತಾರೆ, ಅಲ್ವಾ?

(ಸಂಸ್ಕೃತದಿಂದ ಹೊಸದೊಂದು ಕಟ್ಟಿ ಕೊಡಬೇಡಿ, ದಯವಿಟ್ಟು. 'ಸ್ಥಿತಿಸ್ಥಾಪಕತೆ'ಯನ್ನು (ಇಲಾಸ್ಟಿಸಿಟಿ) ಒಂಬತ್ತನೇ ಕ್ಲಾಸಿನ ಮಗಳಿಗೆ ಹೇಳಿಸುವಷ್ಟರಲ್ಲಿ ಸುಸ್ತಾಗಿದ್ದೇನೆ.)

ನಿಮ್ಮ ಕಡೆ 'ಪೆಡಸು' ಯಾವುದಕ್ಕೆಲ್ಲ ಬಳಸುತ್ತೀರಿ? ಬಾಗುವ, ಆದರೆ ಸುಲಭಕ್ಕೆ ಬಾಗದ ವಸ್ತುವಿಗೂ ಅಂತೀರಾ? ಹೊಸ ಚಪ್ಪಲಿಯ ಚರ್ಮಕ್ಕೆ, ಗಂಜಿ ಹಾಕಿದ ಪಂಚೆಗೆ? ಉತ್ತರ ಕರ್ನಾಟಕದವರು 'ಬಿರುಸು' ಅಂದಾಗ ಇದೇ ಅರ್ಥವಾ?