ಕಡಿಮೆ ಖರ್ಚಿನಲ್ಲಿ ಬ್ಯಾಕಪ್: ದೊಡ್ಡ ಪೆನ್‌ಡ್ರೈವ್ ಸಾಕಾ?

ಕೀಲಿಮಣೆ:
ಮೊನ್ನೆ ಕಂಪ್ಯೂಟರ್ ಆನ್ ಮಾಡಿದರೆ ಹಾರ್ಡ್ ಡಿಸ್ಕ್ ಒಳಗಿಂದ ಟಕ್ ಟಕ್ ಸದ್ದು. ಮೂರನೇ ಸಲಕ್ಕೆ ಹೇಗೋ ಎದ್ದಿತು, ಆದರೆ ನನ್ನ ಎದೆ ಧಸಕ್ ಅಂತು. ಒಟ್ಟು 600 ಜಿಬಿ ಇದೆ: ಫೋಟೋ, ವಿಡಿಯೋ, ಕೆಲಸದ ಫೈಲು, ಒಂದಷ್ಟು ಸಿನಿಮಾ. ತಿಂಗಳು ತಿಂಗಳು ದುಡ್ಡು ಕಟ್ಟುವ ಕ್ಲೌಡ್ ಬೇಡ. 2 ಟಿಬಿ ಪೆನ್‌ಡ್ರೈವ್ ತುಂಬಾ ಅಗ್ಗಕ್ಕೆ ಸಿಗುತ್ತಿದೆ, ಅದರಲ್ಲೇ ಎಲ್ಲ ಹಾಕಿಟ್ಟರೆ ಸಾಲದಾ?

ಹಳೇ ಮಾನಿಟರ್:
ಮೊದಲು ಆ ಡಿಸ್ಕಿನ ಕಥೆ. ಸುಮ್ನೆ ಆನ್ ಆಫ್ ಮಾಡಿ ನೋಡಬೇಡಿ, ಡಿಸ್ಕ್ ಪರೀಕ್ಷಿಸುವ ಸ್ಕ್ಯಾನ್ ಅಂತೂ ಓಡಿಸಲೇಬೇಡಿ. ಈಗಲೇ ಬೇಕಾದದ್ದನ್ನು ಹೊರಗೆ ಎಳೆದುಕೊಳ್ಳಿ, ಸಿನಿಮಾ ಹೋದರೆ ಹೋಗಲಿ.

ಅಷ್ಟು ಅಗ್ಗದ 2 ಟಿಬಿ ಪೆನ್‌ಡ್ರೈವ್ ನಕಲಿಯೇ ಇರಬೇಕು. ಒಳಗೆ ಇರುವುದು 32 ಅಥವಾ 64 ಜಿಬಿ ಚಿಪ್ಪು, ಅದು ತುಂಬಿದ ಮೇಲೂ ಕಾಪಿ ಆದ ಹಾಗೇ ತೋರಿಸುತ್ತೆ, ಆಮೇಲೆ ತೆರೆದರೆ ಫೈಲಿನ ಹೆಸರಿರುತ್ತೆ, ಫೋಟೋ ಇರಲ್ಲ. ಜಿಬಿ ಲೆಕ್ಕದಲ್ಲಿ ಇವತ್ತಿಗೂ ಕಡಿಮೆ ಬೀಳುವುದು ತಿರುಗುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೇ, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್ಪಿನ ಡಿಸ್ಕ್) ಅಲ್ಲ. 1 ಟಿಬಿ ತಗೊಂಡರೆ ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಾಣುತ್ತೆ, ಗಾಬರಿ ಬೇಡ, ಅದು ಎಣಿಸುವ ರೀತಿಯ ವ್ಯತ್ಯಾಸ.

ನಿಧಾನಸ್ಥ:
ಕಾಪಿ ಆದ ಮೇಲೆ ಕೇಬಲ್ ಕಿತ್ತಿಡಿ! ನಾನು ವರ್ಷವಿಡೀ ಸಿಕ್ಕಿಸಿಯೇ ಇಟ್ಟಿದ್ದೆ. ಒಂದು ದಿನ ಯಾವುದೋ ಇಮೇಲ್ ಅಟ್ಯಾಚ್‌ಮೆಂಟ್ ತೆರೆದೆ, ರ‍್ಯಾನ್ಸಮ್‌ವೇರ್ (ದುಡ್ಡು ಕೊಟ್ಟರೆ ಮಾತ್ರ ಫೈಲು ಬಿಡುತ್ತೇನೆ ಅನ್ನುವ ವೈರಸ್) ನುಗ್ಗಿ ಕಂಪ್ಯೂಟರ್ ಜೊತೆಗೆ ಬ್ಯಾಕಪ್ಪಿಗೂ ಬೀಗ ಹಾಕಿತು. ಎರಡು ಕಾಪಿ ಇದೆ ಅಂತ ನಿಶ್ಚಿಂತೆಯಾಗಿದ್ದೆ, ಎರಡೂ ಒಂದೇ ಮೇಜಿನ ಮೇಲಿದ್ದವು.

ಖಾಲಿ ಫೋಲ್ಡರ್:
600 ಜಿಬಿಯಲ್ಲಿ ಮತ್ತೆ ಸಿಗದೇ ಇರುವಂಥದ್ದು ಎಷ್ಟು, ಅದನ್ನು ಮೊದಲು ಬೇರೆ ಮಾಡಿ. ನನ್ನದು ಕೊನೆಗೆ 11 ಜಿಬಿಗೆ ಬಂತು. ಅದನ್ನು 7-ಜಿಪ್ ಅನ್ನುವ, ಫೈಲುಗಳನ್ನು ಒಂದೇ ಗಂಟು ಕಟ್ಟುವ ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಕಿ ಗೂಗಲ್ ಡ್ರೈವ್‌ಗೆ ಏರಿಸಿದೆ, 15 ಜಿಬಿ ಪುಕ್ಕಟೆ ಇದೆಯಲ್ಲ (ಜಿಮೇಲ್ ಕೂಡ ಅದರಲ್ಲೇ ಪಾಲು ಕೇಳುತ್ತೆ, ಅದು ಬೇರೆ ಮಾತು). ಆದರೆ ಸಿಂಕ್ ಮಾಡುವುದನ್ನೇ (ಕಂಪ್ಯೂಟರಿನ ಫೋಲ್ಡರನ್ನೂ ಡ್ರೈವನ್ನೂ ತಾನಾಗಿ ಒಂದೇ ಥರ ಇಡುವುದು) ಬ್ಯಾಕಪ್ ಅಂದುಕೊಳ್ಳಬೇಡಿ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತೆ, 30 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಹೋಯ್ತು.

ಹಳೇ ಮಾನಿಟರ್:
ಹೌದು. ಜೊತೆಗೆ ಕಾಪಿ ಮಾಡಿದ ನಾಲ್ಕಾರು ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಇದನ್ನು ಯಾರೂ ಮಾಡಲ್ಲ, ನಾನೂ ಮಾಡುತ್ತಿರಲಿಲ್ಲ.

ಕೀಲಿಮಣೆ:
ಹಾರ್ಡ್ ಡಿಸ್ಕೇ ತಂದೆ. ಕಾಪಿ ರಾತ್ರಿಯೆಲ್ಲ ತೆವಳಿತು. ಫೋಟೋ ಪೂರ್ತಿ ಬಂದಿವೆ, ಎರಡು ವಿಡಿಯೋ ಅರ್ಧಕ್ಕೇ ನಿಲ್ಲುತ್ತಿವೆ. ಸಿನಿಮಾ ಮುಟ್ಟಲೇ ಇಲ್ಲ. ಈಗ ಕೇಬಲ್ ಕಿತ್ತು ಬೀರುವಿನಲ್ಲಿಟ್ಟೆ.