ಕಚ್ಚಾ ತೈಲ ಅಗ್ಗ ಆದರೂ ಬಂಕ್‌ನಲ್ಲಿ ಡೀಸೆಲ್ ಯಾಕೆ ಇಳಿಯುವುದಿಲ್ಲ?

ಏಸ್_ಯಶವಂತಪುರ (ಮೇ 2025)

ಎಲ್ಲರಿಗೂ ನಮಸ್ಕಾರ. ನನ್ನದೊಂದು ಟಾಟಾ ಏಸ್ ಇದೆ. ಯಶವಂತಪುರ ಯಾರ್ಡ್‌ನಿಂದ ಈರುಳ್ಳಿ, ಆಲೂಗಡ್ಡೆ ಲೋಡ್ ಮಾಡಿಕೊಂಡು ಮಲ್ಲೇಶ್ವರ, ರಾಜಾಜಿನಗರ ಕಡೆಯ ಹೋಟೆಲ್, ಅಂಗಡಿಗಳಿಗೆ ಹಾಕುತ್ತೇನೆ.

ಜನವರಿಯಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 80 ಡಾಲರ್ ದಾಟಿತ್ತಂತೆ. ಈಗ 60ರ ಹತ್ತಿರ ಬಂದಿದೆ ಅಂತ ಟೀವಿಯಲ್ಲಿ ಹೇಳುತ್ತಿದ್ದಾರೆ. ಆದರೆ ಜನವರಿಯಲ್ಲಿ ನಾನು ಡೀಸೆಲ್ ಹಾಕಿಸಿದ್ದು 89 ರೂಪಾಯಿಗೆ, ಈಗ ಹಾಕಿಸುತ್ತಿರುವುದು 91ಕ್ಕೆ. ಅಲ್ಲಿ ಇಳಿದರೆ ಇಲ್ಲಿ ಏರುವುದು ಯಾವ ಲೆಕ್ಕ?

ಇದರಲ್ಲಿ ನನ್ನ ತಲೆನೋವು ಬೇರೆ. ಮಂಡಿ ಯಜಮಾನರು ಪೇಪರ್ ತೋರಿಸಿ "ಆಯಿಲ್ ರೇಟ್ ಬಿದ್ದಿದೆಯಲ್ಲಪ್ಪ, ಬಾಡಿಗೆ ಕಮ್ಮಿ ಮಾಡು" ಅನ್ನುತ್ತಾರೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ತಿಳಿದವರು ಬಿಡಿಸಿ ಹೇಳಿ.

ಪೀಣ್ಯ_ಎರಡನೇ_ಹಂತ

ಸಿಂಪಲ್ ಗುರು. ಬಂಕ್‌ನವರು ಟ್ಯಾಂಕ್ ತುಂಬಾ ಹಳೇ ಸ್ಟಾಕ್ ಇಟ್ಟುಕೊಂಡಿರುತ್ತಾರೆ. ಅದು ಖಾಲಿ ಆಗುವವರೆಗೂ ರೇಟ್ ಇಳಿಸುವುದಿಲ್ಲ. ಏರಿದಾಗ ಮಾತ್ರ ಹಳೇ ಸ್ಟಾಕನ್ನೇ ಹೊಸ ರೇಟಿಗೆ ಮಾರುತ್ತಾರೆ. ಎಲ್ಲಾ ಕಡೆ ಇದೇ ಕಥೆ.

ಬಂಕ್_ಲೆಕ್ಕದವನು

ಪೀಣ್ಯದವರೇ, ಸ್ವಲ್ಪ ತಡೆಯಿರಿ. ತುಮಕೂರು ರಸ್ತೆಯ ಒಂದು ಬಂಕ್‌ನಲ್ಲಿ ಬಹಳ ವರ್ಷ ಲೆಕ್ಕ ಬರೆದವನು ನಾನು. ಈಗ ಬಿಟ್ಟಿದ್ದೇನೆ, ಹಾಗಾಗಿ ಯಾರ ಪರವಾಗಿಯೂ ಮಾತಾಡಬೇಕಾಗಿಲ್ಲ.

ಬಂಕ್ ಮಾಲೀಕನ ಕೈಯಲ್ಲಿ ರೇಟ್ ಇರುವುದೇ ಇಲ್ಲ. ಕಂಪನಿ ಹೇಳಿದ ರೇಟು ಬೆಳಿಗ್ಗೆ 6ಕ್ಕೆ ಮೆಷಿನ್‌ಗೆ ಬರುತ್ತದೆ, ಅಷ್ಟಕ್ಕೆ ಮಾರಬೇಕು. ಅವನಿಗೆ ಸಿಗುವುದು ಲೀಟರಿಗೆ ಇಷ್ಟು ಅಂತ ಕಮಿಷನ್. ದೇವನಗೊಂದಿ ಡಿಪೋದಿಂದ ಟ್ಯಾಂಕರ್ ಹೊರಡುವ ಮೊದಲೇ ಅವನು ದುಡ್ಡು ಕಟ್ಟಿರುತ್ತಾನೆ. ಹಳೇ ಸ್ಟಾಕ್ ಇರುವಾಗ ರೇಟ್ ಏರಿದರೆ ಅವನಿಗೆ ಲಾಭ, ನಿಜ. ಇಳಿದರೆ ನಷ್ಟವೂ ಅವನದ್ದೇ, ಯಾರೂ ತುಂಬಿಕೊಡುವುದಿಲ್ಲ.

2021ರ ದೀಪಾವಳಿ ನೆನಪಿದೆಯಾ? ನವೆಂಬರ್ 3ರ ರಾತ್ರಿ ಕೇಂದ್ರ ಸರ್ಕಾರ ಡೀಸೆಲ್ ಎಕ್ಸೈಸ್ (ಲೀಟರಿಗೆ ಇಷ್ಟು ಅಂತ ಕೇಂದ್ರ ಹಾಕುವ ತೆರಿಗೆ) 10 ರೂಪಾಯಿ, ಪೆಟ್ರೋಲ್ ಎಕ್ಸೈಸ್ 5 ರೂಪಾಯಿ ಇಳಿಸಿತು. ಬೆನ್ನಲ್ಲೇ ನಮ್ಮ ರಾಜ್ಯ ಎರಡರ ಮೇಲೂ 7 ರೂಪಾಯಿ ಇಳಿಸಿತು. ಹಬ್ಬಕ್ಕೆ ಡಿಪೋ ರಜಾ ಅಂತ ನಾವು ಮೊದಲೇ ಟ್ಯಾಂಕ್ ತುಂಬಿಸಿ ಇಟ್ಟಿದ್ದೆವು. ಡೀಸೆಲ್ ಒಂದರಲ್ಲೇ ಲೀಟರಿಗೆ 17 ರೂಪಾಯಿಗೂ ಮೇಲೆ ಹೋಯಿತು. 12,000 ಲೀಟರ್ ಸ್ಟಾಕ್ ಇದ್ದ ಬಂಕ್‌ಗೆ ಎರಡು ಲಕ್ಷ ಹೊಡೆತ. ನಮ್ಮ ಮಾಲೀಕರು ಆ ದಿನ ಪಟಾಕಿ ಅಂಗಡಿ ಕಡೆ ಹೋಗಲೇ ಇಲ್ಲ.

ಇದನ್ನು ಹೇಳಿದ್ದು ಬಂಕ್‌ನವರ ಮೇಲೆ ಕನಿಕರ ಬರಲಿ ಅಂತಲ್ಲ. ಇಳಿಸಬೇಕು ಅಂತ ತೀರ್ಮಾನ ಆದರೆ ಇಡೀ ರಾಜ್ಯದಲ್ಲಿ ಒಂದೇ ದಿನದಲ್ಲಿ ಇಳಿಯುತ್ತದೆ ಅಂತ ತೋರಿಸುವುದಕ್ಕೆ. ಕೆಲವರು ಹಡಗು ಬರಬೇಕು, ಮಂಗಳೂರಿನಲ್ಲಿ ರಿಫೈನ್ ಆಗಬೇಕು, ಹಾಸನದ ಮೇಲೆ ಪೈಪ್‌ಲೈನ್‌ನಲ್ಲಿ ದೇವನಗೊಂದಿಗೆ ಹರಿಯಬೇಕು, ಅದಕ್ಕೇ ತಡ ಅನ್ನುತ್ತಾರೆ. ಅದರಿಂದ ಕೆಲವು ವಾರ ತಡ ಆಗಬಹುದು. ವರ್ಷಗಟ್ಟಲೆ ಆಗುವುದಿಲ್ಲ. 2022ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ಕಂಪನಿಗಳು ರೇಟ್ ಮುಟ್ಟಲೇ ಇಲ್ಲ. ನಡುವೆ ಮೇ 2022ರಲ್ಲಿ ಇಳಿದದ್ದು ಎಕ್ಸೈಸ್ ಇಳಿಸಿದ್ದರಿಂದ. ಯಾವ ಹಡಗೂ ಎರಡು ವರ್ಷ ಸಮುದ್ರದಲ್ಲಿ ಇರುವುದಿಲ್ಲ ಅಲ್ವಾ?

ಈಗ ಏಸ್‌ನವರ ಲೆಕ್ಕಕ್ಕೆ ಬರೋಣ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಡಾಲರ್ 85 ರೂಪಾಯಿ ಅಂತ ಇಟ್ಟುಕೊಳ್ಳಿ. 20 ಡಾಲರ್ ಇಳಿದರೆ ಲೀಟರಿಗೆ ಹತ್ತೂವರೆ ರೂಪಾಯಿಗಿಂತ ಸ್ವಲ್ಪ ಜಾಸ್ತಿ ಉಳಿಯಬೇಕು. ಇದು ಕಚ್ಚಾ ತೈಲದ ಲೆಕ್ಕ. ಡೀಸೆಲ್‌ಗೆ ಹೊರಗಡೆ ಬೇರೆಯೇ ಮಾರುಕಟ್ಟೆ, ಬೇರೆಯೇ ರೇಟು ಇದೆ, ಕಂಪನಿಗಳು ನೋಡುವುದು ಅದನ್ನು. ಎರಡೂ ಒಟ್ಟಿಗೇ ಏರಿಳಿಯುತ್ತವೆ, ಆದರೆ ಅಷ್ಟಕ್ಕಷ್ಟೇ ಅಲ್ಲ.

ಆ ಉಳಿತಾಯ ಎಲ್ಲಿ ಹೋಯಿತು ನೋಡಿ. ಏಪ್ರಿಲ್ 1ಕ್ಕೆ ನಮ್ಮ ರಾಜ್ಯ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು. ನಿಮ್ಮ ಜೇಬಿಗೆ ಬಿದ್ದ ಎರಡು ರೂಪಾಯಿ ಇದೇ. ಒಂದು ವಾರ ಕಳೆಯುವುದರೊಳಗೆ, ಏಪ್ರಿಲ್ 8ರಿಂದ, ಕೇಂದ್ರ ಎಕ್ಸೈಸ್ ಎರಡು ರೂಪಾಯಿ ಏರಿಸಿತು. ಅದು ನಿಮಗೆ ಕಾಣಲೇ ಇಲ್ಲ, ಯಾಕೆಂದರೆ ಕಂಪನಿಗಳು ಕಚ್ಚಾ ತೈಲ ಇಳಿದ ಉಳಿತಾಯದಲ್ಲೇ ಅದನ್ನು ಕಟ್ಟಿದವು. ಮಿಕ್ಕದ್ದು ಕಂಪನಿಗಳ ಹತ್ತಿರ ಇದೆ.

ನೀವು ಕೊಡುವ 91 ರೂಪಾಯಿಯಲ್ಲಿ ಕೇಂದ್ರಕ್ಕೆ 17 ರೂಪಾಯಿ 80 ಪೈಸೆ, ರಾಜ್ಯಕ್ಕೆ 15-16 ರೂಪಾಯಿ. ಕೇಂದ್ರದ್ದು ಲೀಟರಿಗೆ ಇಷ್ಟು ಅಂತ ಕಟ್ಟಿದ ಮೊತ್ತ. ನಾಳೆ ಕಚ್ಚಾ ತೈಲ ಪುಕ್ಕಟೆ ಸಿಕ್ಕರೂ ಅದು ಅಷ್ಟೇ. ರಾಜ್ಯದ್ದು ಶೇಕಡಾವಾರು, ಅದೂ ಎಕ್ಸೈಸ್ ಸೇರಿಸಿದ ಬೆಲೆಯ ಮೇಲೆ.

ಏಸ್_ಯಶವಂತಪುರ

ಸರ್, ತುಂಬಾ ಥ್ಯಾಂಕ್ಸ್. ಏಪ್ರಿಲ್ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಮಾಡಿದ್ದು ಈ ಎರಡು ರೂಪಾಯಿಗೇ ಅಂತ ಗೊತ್ತಿತ್ತು. ಕೇಂದ್ರದ ಎರಡು ರೂಪಾಯಿ ಮಾತ್ರ ನಿಜವಾಗಲೂ ಗೊತ್ತಿರಲಿಲ್ಲ.

ಇನ್ನೊಂದು ಅನುಮಾನ. ಏರುವಾಗ ಮಾತ್ರ ಅಷ್ಟು ಬೇಗ ಹೇಗೆ ಏರುತ್ತದೆ?

ಎಕನಾಮಿಕ್ಸ್_ಮೇಡಂ

ಇದು ನಮ್ಮಲ್ಲಿ ಮಾತ್ರ ಇರುವ ದೂರಲ್ಲ. 1991ರಲ್ಲಿ ರಾಬರ್ಟ್ ಬೇಕನ್ ಅನ್ನುವ ಅರ್ಥಶಾಸ್ತ್ರಜ್ಞ ಬ್ರಿಟನ್‌ನ ಪೆಟ್ರೋಲ್ ಬೆಲೆ ನೋಡಿ ಇದನ್ನೇ ಬರೆದರು: ಏರುವಾಗ ರಾಕೆಟ್, ಇಳಿಯುವಾಗ ಹಕ್ಕಿಯ ಗರಿ. ಆಮೇಲೆ ಅಮೆರಿಕದಲ್ಲೂ ಇದೇ ಕಂಡುಬಂತು. ಒಂದು ವಿವರಣೆ ಹೀಗಿದೆ. ಬೆಲೆ ಏರುವಾಗ ಜನ ನಾಲ್ಕು ಬಂಕ್ ಸುತ್ತಿ ಅಗ್ಗದ ಕಡೆ ಹಾಕಿಸುತ್ತಾರೆ. ಇಳಿಯುವಾಗ ಖುಷಿಯಲ್ಲಿ ಎದುರಿಗೆ ಸಿಕ್ಕಿದ ಬಂಕ್‌ಗೇ ಹೋಗುತ್ತಾರೆ. ಹಾಗಾಗಿ ಬಂಕ್‌ನವರಿಗೆ ಇಳಿಸುವ ಆತುರ ಇರುವುದಿಲ್ಲ.

ಬಂಕ್_ಲೆಕ್ಕದವನು

ಮೇಡಂ ಹೇಳಿದ್ದು ಆ ದೇಶಗಳಿಗೆ ಸರಿ. ಅಲ್ಲಿ ಬಂಕ್‌ಗಳ ನಡುವೆ ಪೈಪೋಟಿ ಇದೆ. ಇಲ್ಲಿ ಹತ್ತರಲ್ಲಿ ಒಂಬತ್ತು ಬಂಕ್ ಮೂರು ಸರ್ಕಾರಿ ಕಂಪನಿಗಳವು, ಮೂರರ ರೇಟೂ ಹೆಚ್ಚುಕಡಿಮೆ ಒಂದೇ. ನಾಲ್ಕು ಬಂಕ್ ಸುತ್ತಿದರೆ ಡೀಸೆಲ್ ಖರ್ಚಾಗುತ್ತದೆ ಅಷ್ಟೇ.

ಅತ್ತಿಬೆಲೆ ದಾಟುವವರ ಮಾತು ಬೇರೆ. ಏಪ್ರಿಲ್‌ನಲ್ಲಿ ಗಡಿಯಾಚೆ ತಮಿಳುನಾಡಿನ ಹೊಸೂರಿನಲ್ಲಿ ಡೀಸೆಲ್ 94 ರೂಪಾಯಿ ದಾಟಿತ್ತು. ನಮ್ಮದು ಏರಿದ ಮೇಲೂ ಆ ಕಡೆಯ ಲಾರಿಗಳು ಈ ಕಡೆಯೇ ತುಂಬಿಸಿಕೊಂಡು ಹೋಗುತ್ತವೆ. ನಮ್ಮ ಸರ್ಕಾರವೂ ಏರಿಕೆಗೆ ಇದನ್ನೇ ಸಮರ್ಥನೆಯಾಗಿ ಹೇಳಿತು.

ಏಸ್‌ನವರ ಪ್ರಶ್ನೆಗೆ ಬರುತ್ತೇನೆ. ಏರುವಾಗ ಬೇಗ ಅನ್ನುವುದು ಅರ್ಧ ಮಾತ್ರ ನಿಜ.

ಕಾಗದದ ಮೇಲೆ ನೋಡಿದರೆ ಪೆಟ್ರೋಲ್ ಬೆಲೆ 2010ರಲ್ಲೇ, ಡೀಸೆಲ್ ಬೆಲೆ 2014ರಲ್ಲೇ ಸರ್ಕಾರದ ಕೈಯಿಂದ ಹೊರಗೆ ಬಂದಿದೆ. 2017ರ ಜೂನ್ 16ರಿಂದ ದಿನಾ ರೇಟ್ ಬದಲಾಗುವ ಪದ್ಧತಿಯೂ ಬಂತು. ಶುರುವಿನಲ್ಲಿ ನಿಜವಾಗಲೂ ದಿನಾ ಬದಲಾಗುತ್ತಿತ್ತು. ಒಂದು ದಿನ ಎಂಟು ಪೈಸೆ ಮೇಲೆ, ಇನ್ನೊಂದು ದಿನ ಐದು ಪೈಸೆ ಕೆಳಗೆ. ರಿಜಿಸ್ಟರ್ ಬರೆದೂ ಬರೆದೂ ನನಗೆ ಸಾಕಾಗಿತ್ತು.

ಆಮೇಲೆ 2018ರಲ್ಲಿ ನಮ್ಮ ವಿಧಾನಸಭೆ ಚುನಾವಣೆ ಬಂತು. ಏಪ್ರಿಲ್ 24ರ ನಂತರ ರೇಟ್ ಅಲ್ಲಾಡಲಿಲ್ಲ. ಆ ದಿನಗಳಲ್ಲಿ ಕಚ್ಚಾ ತೈಲ ಏರುತ್ತಲೇ ಇತ್ತು. ಮೇ 12ಕ್ಕೆ ಮತದಾನ ಮುಗಿಯಿತು, 14ರಿಂದ ಮತ್ತೆ ಏರತೊಡಗಿತು. ಚುನಾವಣೆಗೂ ಇದಕ್ಕೂ ಸಂಬಂಧ ಇಲ್ಲ ಅಂದರು. ಇರಲಿ ಬಿಡಿ.

2022ರಲ್ಲಿ ಇದೇ ಆಟ ದೊಡ್ಡದಾಗಿ ನಡೆಯಿತು. ನವೆಂಬರ್ 2021ರಿಂದ ನಾಲ್ಕೂವರೆ ತಿಂಗಳು ರೇಟ್ ನಿಂತೇ ಇತ್ತು. ನಡುವೆ ಉತ್ತರ ಪ್ರದೇಶ ಮತ್ತಿತರ ರಾಜ್ಯಗಳ ಚುನಾವಣೆ ಇತ್ತು. ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲ 130 ಡಾಲರ್ ಮುಟ್ಟಿದರೂ ಏರಲಿಲ್ಲ. ಮಾರ್ಚ್ 22ರಿಂದ ಶುರುವಾಯಿತು ನೋಡಿ, ಏಪ್ರಿಲ್ 6ರೊಳಗೆ ಹತ್ತು ರೂಪಾಯಿ ಏರಿತು. ನಿಮಗೆ ಬೇಗ ಏರಿತು ಅಂತ ಕಂಡದ್ದು ಇದು. ನಿಜವಾಗಿ ತಡವಾಗಿ ಏರಿತು, ಒಟ್ಟಿಗೆ ಏರಿತು.

ಅಷ್ಟಾದರೂ ಸಾಲಲಿಲ್ಲ. ಆ ವರ್ಷದ ಏಪ್ರಿಲ್-ಜೂನ್‌ನಲ್ಲಿ ಮೂರು ಕಂಪನಿಗಳೂ ಸೇರಿ 18,000 ಕೋಟಿಗೂ ಹೆಚ್ಚು ನಷ್ಟ ತೋರಿಸಿದವು. ಕಚ್ಚಾ ತೈಲ ಇಳಿಯತೊಡಗಿದಾಗ "ಹಳೇ ನಷ್ಟ ತುಂಬಿಕೊಳ್ಳುತ್ತಿದ್ದೇವೆ" ಅಂತ ರೇಟ್ ಇಳಿಸಲಿಲ್ಲ. ಆ ಮಾತಿನಲ್ಲಿ ನ್ಯಾಯ ಇದೆ, ನಾನು ಒಪ್ಪುತ್ತೇನೆ. ನಮ್ಮ ಪರವಾಗಿ ನಷ್ಟ ಹೊತ್ತವರು ಆಮೇಲೆ ವಸೂಲಿ ಮಾಡಿಕೊಳ್ಳಲಿ. ಆದರೆ 2023-24ರಲ್ಲಿ ಮೂರೂ ಕಂಪನಿ ಸೇರಿ ಸುಮಾರು 81,000 ಕೋಟಿ ಲಾಭ ಮಾಡಿದವು. ಆ ವರ್ಷದ ಕೊನೆಗೆ, ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟ ಆಗುವ ಮುನ್ನಾದಿನ, ನಮಗೆ ಸಿಕ್ಕಿದ್ದು ಎರಡು ರೂಪಾಯಿ. 2024ರ ಜೂನ್‌ನಲ್ಲಿ ರಾಜ್ಯ ಮೂರು ರೂಪಾಯಿ ಏರಿಸಿತು.

ಈಗ ಗ್ಯಾಸ್ ಸಿಲಿಂಡರ್‌ನಲ್ಲಿ ನಷ್ಟ ಆಗಿದೆ, ಸುಮಾರು 41,000 ಕೋಟಿ ಅನ್ನುತ್ತಿದ್ದಾರೆ. ಸರಿ, ಇರಬಹುದು. ನನ್ನ ತಕರಾರು ಒಂದೇ. ಅಂಗಡಿಯವನು ಸಾಲದ ಪುಸ್ತಕ ಇಟ್ಟರೆ "ಇಷ್ಟು ಬಾಕಿ ಇತ್ತು, ಇಷ್ಟು ತೀರಿತು" ಅಂತ ತೋರಿಸುತ್ತಾನೆ. ಡೀಸೆಲ್‌ನಲ್ಲಿ ಎಷ್ಟು ಬಾಕಿ ಇತ್ತು, ಯಾವ ತಿಂಗಳಿಗೆ ತೀರಿತು ಅಂತ ಗಿರಾಕಿಗೆ ಯಾರೂ ಹೇಳುವುದಿಲ್ಲ.

ಪೀಣ್ಯ_ಎರಡನೇ_ಹಂತ

ಸರ್, ನೀವು ಹೇಳಿದ ಮೇಲೆ ಬಂಕ್‌ನವರ ಮೇಲಿನ ಕೋಪ ಇಳಿಯಿತು, ಬೇರೆಯವರ ಮೇಲೆ ಏರಿತು :) 2020ರ ಲಾಕ್‌ಡೌನ್‌ನಲ್ಲಿ ಕಚ್ಚಾ ತೈಲ ಸೊನ್ನೆಗಿಂತ ಕೆಳಗೆ ಹೋಗಿತ್ತಲ್ವಾ? ಆಗಲಾದರೂ ಇಳಿಯಬೇಕಿತ್ತು.

ಬಂಕ್_ಲೆಕ್ಕದವನು

ಸೊನ್ನೆಗಿಂತ ಕೆಳಗೆ ಹೋದದ್ದು ಅಮೆರಿಕದ ಒಂದು ಬಗೆಯ ತೈಲದ ಫ್ಯೂಚರ್ಸ್ ವ್ಯವಹಾರದಲ್ಲಿ (ಮುಂದೆ ಕೊಡುವ ಮಾಲಿಗೆ ಈಗಲೇ ರೇಟ್ ಕಟ್ಟುವುದು), ಏಪ್ರಿಲ್ 20ರ ಒಂದು ದಿನ. ಅಲ್ಲಿ ತೈಲ ಇಡುವುದಕ್ಕೆ ಜಾಗ ಇರಲಿಲ್ಲ. ನಾವು ಕೊಳ್ಳುವ ತೈಲ 20 ಡಾಲರ್ ಸುತ್ತಮುತ್ತ ಇತ್ತು. ಅದೂ ಅಗ್ಗವೇ. ಮಾರ್ಚ್‌ನಲ್ಲಿ ಎಕ್ಸೈಸ್ 3 ರೂಪಾಯಿ ಏರಿತು. ಮೇ 5ರ ರಾತ್ರಿ ಪೆಟ್ರೋಲ್‌ಗೆ ಇನ್ನೂ 10, ಡೀಸೆಲ್‌ಗೆ ಇನ್ನೂ 13 ಏರಿತು. ಬಂಕ್ ರೇಟಿನಲ್ಲಿ ಅದು ಕಾಣಲಿಲ್ಲ. ರಸ್ತೆಯಲ್ಲಿ ಗಾಡಿಯೇ ಇರಲಿಲ್ಲ, ನೋಡುವವರು ಯಾರು? ಜೂನ್ 7ರಿಂದ ಮೂರು ವಾರ ದಿನಾ ಏರಿತು. ಆಗ ಕಚ್ಚಾ ತೈಲ 40 ಡಾಲರ್ ಅಷ್ಟೇ.

ಅದಕ್ಕೂ ಮುಂಚೆ, ನವೆಂಬರ್ 2014ರಿಂದ ಜನವರಿ 2016ರೊಳಗೆ, ತೈಲ ಬೀಳುತ್ತಿದ್ದಾಗ ಒಂಬತ್ತು ಸಲ ಎಕ್ಸೈಸ್ ಏರಿಸಿದ್ದರು. ಡೀಸೆಲ್ ಮೇಲೆ ಒಟ್ಟು 13 ರೂಪಾಯಿ 47 ಪೈಸೆ. ತೆರಿಗೆ ಏರಿಸುವುದಕ್ಕೆ ತೈಲ ಬೀಳುವ ಸಮಯಕ್ಕಿಂತ ಒಳ್ಳೆಯ ಸಮಯ ಇಲ್ಲ. ಬಂಕ್‌ನಲ್ಲಿ ರೇಟ್ ಬದಲಾಗದಿದ್ದರೆ ಯಾರೂ ಬೈಯುವುದಿಲ್ಲ.

ಏಸ್‌ನವರೇ, ಮಂಡಿ ಯಜಮಾನರಿಗೆ ಹೀಗೆ ಹೇಳಿ. ಬಾಡಿಗೆಯನ್ನು ಟೀವಿಯ ಡಾಲರ್‌ಗೆ ಕಟ್ಟಬೇಡಿ, ಬಂಕ್ ಬಿಲ್‌ಗೆ ಕಟ್ಟಿ. ಇವತ್ತಿನ 91 ಬರೆದುಕೊಂಡು, ಎರಡು ರೂಪಾಯಿ ಮೇಲೆ ಅಥವಾ ಕೆಳಗೆ ಹೋದರೆ ಮಾತ್ರ ಬಾಡಿಗೆ ಬದಲಿಸೋಣ ಅನ್ನಿ. ಇಳಿದರೆ ನೀವೂ ಇಳಿಸಬೇಕಾಗುತ್ತದೆ, ಅದಕ್ಕೆ ತಯಾರಿರಿ.

ಏಸ್_ಯಶವಂತಪುರ

ಅದು ಒಳ್ಳೆಯ ಐಡಿಯಾ ಸರ್. ಬಿಲ್ಲುಗಳನ್ನು ಎತ್ತಿಟ್ಟುಕೊಳ್ಳುತ್ತೇನೆ. ಒಂದು ಮಾತು. ಎಲ್ಲದಕ್ಕೂ ಜಿಎಸ್‌ಟಿ ಹಾಕಿದ್ದಾರೆ, ಡೀಸೆಲ್‌ಗೂ ಹಾಕಿಬಿಟ್ಟರೆ ಈ ಗೋಜು ತಪ್ಪುವುದಿಲ್ಲವಾ?

ಬಂಕ್_ಲೆಕ್ಕದವನು

ತಪ್ಪುತ್ತದೆ. ಅದಕ್ಕೇ ಹಾಕುವುದಿಲ್ಲ.

ಲೆಕ್ಕ ಮಾಡಿ ನೋಡಿ. 91ರಲ್ಲಿ ಎರಡೂ ತೆರಿಗೆ ತೆಗೆದರೆ ಉಳಿಯುವುದು 57-58 ರೂಪಾಯಿ. ಅದರ ಮೇಲೆ ಶೇ 28 ಜಿಎಸ್‌ಟಿ ಹಾಕಿದರೆ 16 ರೂಪಾಯಿ ಚಿಲ್ಲರೆ, ನಿಮಗೆ ಡೀಸೆಲ್ 74ರ ಹತ್ತಿರ ಸಿಗುತ್ತದೆ. ಆ 16ರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಈಗ 15-16 ತೆಗೆದುಕೊಳ್ಳುವ ರಾಜ್ಯಕ್ಕೆ ಎಂಟೇ ರೂಪಾಯಿ, 17.80 ತೆಗೆದುಕೊಳ್ಳುವ ಕೇಂದ್ರಕ್ಕೂ ಎಂಟೇ. 2021ರ ಸೆಪ್ಟೆಂಬರ್‌ನಲ್ಲಿ ಲಕ್ನೋದಲ್ಲಿ ಜಿಎಸ್‌ಟಿ ಕೌನ್ಸಿಲ್ ಸಭೆಗೆ ಈ ವಿಷಯ ಬಂದಿತ್ತು. ಕೇರಳ ಹೈಕೋರ್ಟ್ ಹೇಳಿತ್ತು ಅಂತ ಚರ್ಚೆ ಮಾಡಿದರು, ಇದು ಸಮಯ ಅಲ್ಲ ಅಂತ ಮುಂದೆ ಹಾಕಿದರು. ಬೇರೆ ಎಲ್ಲದಕ್ಕೂ ಜಗಳ ಆಡುವ ಪಕ್ಷಗಳು ಅಲ್ಲಿ ಜಗಳವನ್ನೇ ಆಡಲಿಲ್ಲ.